ಅಪ್ಪನ ತೊಟ್ಟಿ, ಮಗನ ಮಣ್ಣು

ಮೀನಿನ ತೊಟ್ಟಿಯ ನೀರನ್ನು ಬದಲಿಸದೆ ಮೀನನ್ನು ಎಷ್ಟು ಕಾಲ ಬದುಕಿಸಬಹುದು? 1849ರಲ್ಲಿ ಲಂಡನ್ನಿನ ಒಬ್ಬ ರಸಾಯನಶಾಸ್ತ್ರಜ್ಞ ಈ ಪ್ರಶ್ನೆಯನ್ನು ಹಿಡಿದು ಕೂತ. ಅವನ ಹೆಸರು ರಾಬರ್ಟ್ ವಾರಿಂಗ್ಟನ್. ಔಷಧ ತಯಾರಕರ ಸಂಘದ ಅಪೊಥೆಕರೀಸ್ ಹಾಲ್‌ನಲ್ಲಿ ಅವನಿಗೆ ಕೆಲಸ. ಹನ್ನೆರಡು ಗ್ಯಾಲನ್, ಅಂದರೆ ಸುಮಾರು 55 ಲೀಟರ್ ಹಿಡಿಯುವ ಒಂದು ಗಾಜಿನ ಪಾತ್ರೆಯ ತಳಕ್ಕೆ ಮರಳು, ಕೆಸರು ಹರಡಿ, ಕಲ್ಲುಗಳನ್ನಿಟ್ಟು, ಊಟೆಯ ನೀರು ಹಾಕಿ, ಎರಡು ಪುಟ್ಟ ಗೋಲ್ಡ್‌ಫಿಶ್‌ಗಳನ್ನು ಬಿಟ್ಟ. ಜೊತೆಗೆ ವ್ಯಾಲಿಸ್ನೇರಿಯಾ ಎಂಬ, ಉದ್ದ ಎಲೆಯ ನೀರುಗಿಡವನ್ನು ನೆಟ್ಟ. ಗಿಡಗಳು ಬೆಳಕಿನಲ್ಲಿ ಆಮ್ಲಜನಕ ಬಿಡುತ್ತವೆ, ಪ್ರಾಣಿಗಳು ಉಸಿರಾಡಿ ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ ಎಂಬುದು ಆಗ ಓದಿದವರಿಗೆಲ್ಲ ಗೊತ್ತಿದ್ದ ಸಂಗತಿ. ಈ ಕೊಡುಕೊಳ್ಳುವಿಕೆ ಒಂದು ಮುಚ್ಚಿದ ಲೆಕ್ಕವಾಗಿ ನಿಂತೀತೇ ಎಂಬುದನ್ನು ಅವನು ಕಣ್ಣಾರೆ ನೋಡಬೇಕಿತ್ತು.

ಮೊದಲಿಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ಗಿಡದ ಹಳೆಯ ಎಲೆಗಳು ಉದುರಿ ಕೊಳೆಯತೊಡಗಿದವು. ನೀರು ಕದಡಿತು, ಗಾಜಿನ ಮೇಲೆ ಲೋಳೆ ಕಟ್ಟಿತು. ವಾರಿಂಗ್ಟನ್ ನೀರನ್ನು ಚೆಲ್ಲಲಿಲ್ಲ. ಕೊಳಗಳಲ್ಲಿ ಕೊಳೆತ ಎಲೆಯನ್ನು ಯಾರು ತಿನ್ನುತ್ತಾರೆ ಎಂದು ಯೋಚಿಸಿ, ಐದಾರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೆಲ್ಲ ತಿಂದವು, ನೀರು ತಿಳಿಯಾಯಿತು. ಅವು ಇಟ್ಟ ಮೊಟ್ಟೆಗಳೂ ಮರಿಗಳೂ ಮೀನಿಗೆ ಆಹಾರವಾದವು. ಗಿಡ, ಮೀನು, ಬಸವನಹುಳು ಮೂರೂ ಸೇರಿ ಒಂದರ ಕೆಲಸವನ್ನು ಇನ್ನೊಂದು ಪೂರೈಸುವ ಏರ್ಪಾಟು ಕಂಡಿತೆಂದು 1850ರ ಮಾರ್ಚ್‌ನಲ್ಲಿ ಅವನು ಕೆಮಿಕಲ್ ಸೊಸೈಟಿಯ ಮುಂದೆ ವರದಿ ಓದಿದ. ಆ ಸೊಸೈಟಿಯನ್ನು 1841ರಲ್ಲಿ ಕಟ್ಟಲು ಮುಂದೆ ನಿಂತವರಲ್ಲಿ ಅವನೇ ಒಬ್ಬ.

ಗಾಜಿನ ತೊಟ್ಟಿಯಲ್ಲಿ ನೀರುಜೀವಿಗಳನ್ನು ಇಟ್ಟು ನೋಡಿದ ಮೊದಲಿಗ ಅವನಲ್ಲ. ಸಿಸಿಲಿಯ ಮೆಸ್ಸಿನಾದಲ್ಲಿ ಜೀನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆ 1830ರ ದಶಕದಲ್ಲೇ ತೊಟ್ಟಿಗಳನ್ನು ಮಾಡಿಸಿಕೊಂಡು, ಆರ್ಗೊನಾಟ್ ಎಂಬ ಅಷ್ಟಪದಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ, ಬೇರೆ ಪ್ರಾಣಿಯಿಂದ ಕಸಿದುಕೊಳ್ಳುವುದಿಲ್ಲ ಎಂದು ತೋರಿಸಿದ್ದಳು. ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳು ಅವಳು. ಅವಳಿಗೆ ಸಲ್ಲಬೇಕಾದ ಗೌರವ ಬಹಳ ತಡವಾಗಿ ಸಂದಿತು ಎಂಬುದು ನನಗೆ ಇಂದಿಗೂ ಬೇಸರದ ವಿಷಯ. ಆದರೆ ಅವಳಿಗೆ ಬೇಕಿದ್ದದ್ದು ಪ್ರಾಣಿಯನ್ನು ಹತ್ತಿರದಿಂದ ನೋಡುವ ಸಾಧನ. ನೀರು ತಾನೇ ತನ್ನನ್ನು ಸರಿಯಾಗಿಟ್ಟುಕೊಳ್ಳುವ ಬಗೆ ಹುಡುಕಿದವನು ವಾರಿಂಗ್ಟನ್.

ಇದಾದ ಮೇಲೆ ಇಂಗ್ಲೆಂಡಿಗೆ ಮೀನಿನ ತೊಟ್ಟಿಯ ಗೀಳು ಹಿಡಿಯಿತು. 1845ರಲ್ಲೇ ಗಾಜಿನ ಮೇಲಿನ ತೆರಿಗೆ ರದ್ದಾಗಿ ದೊಡ್ಡ ಗಾಜಿನ ಹಲಗೆಗಳು ಅಗ್ಗವಾಗಿದ್ದವು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಅಕ್ವೇರಿಯಂ ಪುಸ್ತಕ ಬಂದು ಮಧ್ಯಮವರ್ಗದ ಹಜಾರಗಳಿಗೆ ಸಮುದ್ರವನ್ನು ತಂದಿತು. ಹೀಗೆ ತಂದ ತೊಟ್ಟಿಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ನಾರತೊಡಗಿದವು. ಗಿಡ ಹಾಕಿದ್ದರು, ಮೀನು ಬಿಟ್ಟಿದ್ದರು, ಬಸವನಹುಳುವನ್ನೂ ತಂದಿದ್ದರು. ಆದರೂ ಮೀನು ಸತ್ತವು. ಹತ್ತು ವರ್ಷ ತುಂಬುವ ಹೊತ್ತಿಗೆ ಗೀಳು ಇಳಿದಿತ್ತು.

ಆ ಸೂತ್ರದಲ್ಲಿ ಒಬ್ಬ ಸದಸ್ಯ ಬಿಟ್ಟುಹೋಗಿದ್ದ. ವಾರಿಂಗ್ಟನ್ ತಳಕ್ಕೆ ಹರಡಿದ ಕೆಸರಿನಲ್ಲಿ, ಕಲ್ಲಿನ ಮೇಲ್ಮೈಯಲ್ಲಿ ಆ ಸದಸ್ಯ ಇದ್ದ. ಆದರೆ ಅವನನ್ನು ಲೆಕ್ಕಕ್ಕೆ ಹಿಡಿಯುವುದು ವಾರಿಂಗ್ಟನ್‌ಗೆ ಸಾಧ್ಯವಿರಲಿಲ್ಲ. ಮೀನು ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಹಿಕ್ಕೆ ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತವೆ. ಬಸವನಹುಳು ಎಲೆಯನ್ನು ತಿಂದರೂ ಅದರ ಹಿಕ್ಕೆಯಿಂದ ಹೊರಡುವುದು ಮತ್ತೆ ಅದೇ. ಗಿಡ ಸ್ವಲ್ಪವನ್ನು ಹೀರಿಕೊಳ್ಳುತ್ತದೆ. ಉಳಿದದ್ದು ಮೀನಿನ ಕಿವಿರನ್ನು ಸುಡುತ್ತದೆ. ನೀರು ಗಾಜಿನಷ್ಟೇ ತಿಳಿಯಾಗಿದ್ದರೂ ಸರಿ, ಮೀನು ಸಾಯುತ್ತದೆ. ಕಣ್ಣಿಗೆ ಕಾಣದ ಈ ವಿಷವನ್ನು ಕಣ್ಣಿಗೆ ಕಾಣದ ಯಾರೋ ತಿನ್ನುತ್ತಿರಬೇಕು. ಅವರನ್ನು ಹುಡುಕಿದ ಕತೆಯಲ್ಲಿ ವಾರಿಂಗ್ಟನ್ ಎಂಬ ಹೆಸರು ಇನ್ನೊಮ್ಮೆ ಬರುತ್ತದೆ.

ವಾರಿಂಗ್ಟನ್‌ನ ಮಗನ ಹೆಸರೂ ರಾಬರ್ಟ್. 1838ರಲ್ಲಿ ಹುಟ್ಟಿದವನು, ಅಪೊಥೆಕರೀಸ್ ಹಾಲ್‌ನಲ್ಲೇ ಬೆಳೆದವನು. ಅಪ್ಪ ತೊಟ್ಟಿಯ ಪ್ರಯೋಗ ಮಾಡಿದಾಗ ಅವನಿಗೆ ಹನ್ನೊಂದರ ಸುಮಾರು ವಯಸ್ಸು. ರಸಾಯನ ಕಲಿತದ್ದು ಅಪ್ಪನ ಪ್ರಯೋಗಾಲಯದಲ್ಲಿ. ದೊಡ್ಡವನಾದ ಮೇಲೆ ಅವನು ಹೋದದ್ದು ನೀರಿನ ಕಡೆಗಲ್ಲ, ಮಣ್ಣಿನ ಕಡೆಗೆ. ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾಸ್ ನಡೆಸುತ್ತಿದ್ದ ಕೃಷಿ ಪ್ರಯೋಗ ಕೇಂದ್ರ ಅವನ ಕಾರ್ಯಕ್ಷೇತ್ರವಾಯಿತು. ಗೊಬ್ಬರದಲ್ಲಿನ ಅಮೋನಿಯಾ ಹೊಲದಲ್ಲಿ ನೈಟ್ರೇಟ್ ಆಗುತ್ತದೆ, ಬೆಳೆ ಅದನ್ನು ಹೀರುತ್ತದೆ. ಇದು ರೈತನಿಗೆ ಹಣದ ಪ್ರಶ್ನೆ. ಇದನ್ನು ಮಾಡುವುದು ಬರೀ ರಸಾಯನ ಕ್ರಿಯೆಯೋ, ಜೀವವೋ? ಲೂಯಿ ಪಾಶ್ಚರ್ 1862ರಲ್ಲಿ ಜೀವವೇ ಇರಬಹುದು ಎಂದು ಊಹಿಸಿದ್ದ.

ಊಹೆಯನ್ನು ಸಾಬೀತು ಮಾಡಿದ ಪ್ರಯೋಗ 1877ರದ್ದು. ಅದನ್ನು ಮೀನು ಸಾಕಲು ಹೊರಟ ಪ್ರತಿಯೊಬ್ಬರೂ ತಿಳಿದಿರಬೇಕು ಎಂಬುದು ನನ್ನ ಆಸೆ. ಫ್ರಾನ್ಸಿನ ಥಿಯೋಫಿಲ್ ಶ್ಲೋಸಿಂಗ್ ಮತ್ತು ಅಕೀಲ್ ಮ್ಯೂಂಟ್ಸ್ ಒಂದು ಉದ್ದನೆಯ ಗಾಜಿನ ಕೊಳವೆಗೆ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಚರಂಡಿ ನೀರನ್ನು ಬಹಳ ನಿಧಾನವಾಗಿ ಹನಿಹನಿಯಾಗಿ ಅದರ ಮೂಲಕ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹಾಕಿದಷ್ಟೇ ಅಮೋನಿಯಾ ಕೆಳಗೆ ಬರುತ್ತಿತ್ತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ಅಮೋನಿಯಾ ಇಳಿಯುತ್ತ ಹೋಗಿ ಮಾಯವಾಯಿತು. ಕೇವಲ ರಸಾಯನ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತು. ಇಪ್ಪತ್ತು ದಿನ ಕಾದದ್ದು ಯಾಕೆ? ಯಾವುದೋ ಜೀವಿ ಮರಳಿನ ಮೇಲೆ ಬೆಳೆದು ಹೆಚ್ಚಬೇಕಿತ್ತು, ಅದಕ್ಕೆ. ಅವರು ಕೊಳವೆಯೊಳಕ್ಕೆ ಕ್ಲೋರೋಫಾರ್ಮ್ ಆವಿ ಬಿಟ್ಟರು. ನೈಟ್ರೇಟ್ ನಿಂತಿತು. ಆವಿಯನ್ನು ಹೊರಹಾಕಿ, ಒಂದಿಷ್ಟು ಹೊಲದ ಮಣ್ಣನ್ನು ತೊಳೆದ ನೀರನ್ನು ಸೇರಿಸಿದರು. ಮತ್ತೆ ಶುರುವಾಯಿತು. ಹಾಲಿಗೆ ಹೆಪ್ಪು ಹಾಕಿದ ಹಾಗೆ.

ಮಗ ವಾರಿಂಗ್ಟನ್ ಈ ಸುದ್ದಿ ಓದಿದ ಕೂಡಲೇ ರಾಥಮ್‌ಸ್ಟೆಡ್‌ನ ಮಣ್ಣಿನಲ್ಲಿ ಅದನ್ನು ಪರೀಕ್ಷಿಸಿ ಸರಿಯೆಂದು ಕಂಡ. ಈ ಕೆಲಸ ಕತ್ತಲೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಬೆಳಕು ಬಿದ್ದರೆ ಕುಂಠಿತವಾಗುತ್ತದೆ ಎಂಬುದನ್ನು ಗುರುತಿಸಿದ. ಅದಕ್ಕಿಂತ ದೊಡ್ಡದು ಅವನ ಮುಂದಿನ ಶೋಧ. ಇದು ಒಂದೇ ಹೆಜ್ಜೆಯ ಕೆಲಸವಲ್ಲ. ಒಂದು ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡಿ ಅಲ್ಲಿಗೇ ನಿಲ್ಲುತ್ತದೆ, ಬೇರೊಂದು ಜೀವಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ವರ್ಷಗಟ್ಟಲೆ ಅವುಗಳನ್ನು ಬೇರ್ಪಡಿಸಿ ಬೆಳೆಸಲು ಹೆಣಗಿದ. ಜೆಲಟಿನ್ ಮೇಲೆ ಬಿತ್ತಿದ, ಬೇರೆ ಬೇರೆ ಬ್ಯಾಕ್ಟೀರಿಯಾಗಳು ಬೆಳೆದವೇ ಹೊರತು ಅವನಿಗೆ ಬೇಕಾದದ್ದು ಬೆಳೆಯಲಿಲ್ಲ. ಕೀವ್ ಊರಿನವನಾದ ಸೆರ್ಗೇಯ್ ವಿನೋಗ್ರಾಡ್‌ಸ್ಕಿ ಅದೇ ಹೊತ್ತಿನಲ್ಲಿ ಜ್ಯೂರಿಕ್‌ನಲ್ಲಿ ಗುಟ್ಟು ಬಿಡಿಸಿದ. ಈ ಜೀವಿಗಳಿಗೆ ಜೆಲಟಿನ್‌ನಂಥ ಸಾವಯವ ಊಟ ಬೇಕಿಲ್ಲ. ಅಮೋನಿಯಾವೇ ಅವುಗಳ ಇಂಧನ, ಕಟ್ಟಿಕೊಳ್ಳುವ ಮೈ ಇಂಗಾಲದ ಡೈ ಆಕ್ಸೈಡಿನಿಂದ. ಸಾವಯವ ಲವಲೇಶವಿಲ್ಲದ ಸಿಲಿಕಾ ಜೆಲ್ಲಿಯ ಮೇಲೆ 1890ರ ಸುಮಾರಿಗೆ ಅವನು ಅವುಗಳನ್ನು ಬೆಳೆಸಿದ. ಬೆಳಕಿಲ್ಲದೆ, ಖನಿಜದಂಥ ವಸ್ತುವನ್ನು ಉರಿಸಿಕೊಂಡು ಬದುಕುವ ಜೀವಕುಲವಿದೆ ಎಂಬುದು ಜೀವಶಾಸ್ತ್ರಕ್ಕೇ ಹೊಸದು.

ಅಪ್ಪ ತೊಟ್ಟಿಯಲ್ಲಿ ಬಿಟ್ಟ ಪ್ರಶ್ನೆಗೆ ಮಗ ಮಣ್ಣಿನಲ್ಲಿ ಉತ್ತರದ ಮುಕ್ಕಾಲುಪಾಲು ಕಂಡಿದ್ದ. ಅಪ್ಪ 1867ರಲ್ಲೇ ತೀರಿಕೊಂಡಿದ್ದ.

ಈಗ ಅಂಗಡಿಗೆ ಹೋಗಿ ಅಕ್ವೇರಿಯಂ ಕಂಟ್ರೋಲರ್ ಕೊಳ್ಳುವ ಹೊಸಬರನ್ನು ನೆನೆಯೋಣ. ನೆಪ್ಚೂನ್ ಸಿಸ್ಟಮ್ಸ್‌ನ ಏಪೆಕ್ಸ್ ಇರಲಿ, ಜರ್ಮನಿಯ ಜಿಎಚ್‌ಎಲ್ ಕಂಪನಿಯ ಪ್ರೊಫಿಲಕ್ಸ್ ಇರಲಿ, ರಾಸ್ಪ್‌ಬೆರಿ ಪೈ ಮೇಲೆ ತಾವೇ ಕಟ್ಟಿಕೊಳ್ಳುವ ರೀಫ್-ಪೈ ಇರಲಿ, ಮೂಲ ಏರ್ಪಾಟು ಒಂದೇ. ನೀರಿನಲ್ಲಿ ಅಳತೆ ಮಾಡುವ ಕೆಲವು ಪ್ರೋಬ್‌ಗಳು, ಗೋಡೆಯ ಬದಿಗೆ ಸಾಲು ಸಾಕೆಟ್‌ಗಳು, ನಡುವೆ ಒಂದು ಪುಟ್ಟ ಕಂಪ್ಯೂಟರ್. ಪ್ರೋಬ್ ಹೇಳಿದ್ದನ್ನು ಕೇಳಿ ಅದು ಸಾಕೆಟ್ ಆನ್ ಆಫ್ ಮಾಡುತ್ತದೆ, ಫೋನಿಗೆ ಸಂದೇಶ ಕಳಿಸುತ್ತದೆ. ಉಷ್ಣತೆ, ಪಿಎಚ್, ನೀರಿನ ಮಟ್ಟ, ಲವಣಾಂಶ ಇವುಗಳಿಗೆ ಪ್ರೋಬ್ ಇದೆ. ಶ್ಲೋಸಿಂಗ್ ಮ್ಯೂಂಟ್ಸ್ ಇಪ್ಪತ್ತು ದಿನ ಕಾದು ಕಂಡ ಆ ಜೀವಿಗಳು ಬಂದಿವೆಯೇ ಇಲ್ಲವೇ ಎಂದು ಹೇಳುವ ಪ್ರೋಬ್ ಸಾಮಾನ್ಯ ಕಂಟ್ರೋಲರ್‌ನ ಜೊತೆ ಬರುವುದಿಲ್ಲ. ಪರದೆಯ ಮೇಲಿನ ಎಲ್ಲ ಅಂಕಿಗಳೂ ಹಸಿರಾಗಿದ್ದು, ತೊಟ್ಟಿಯಲ್ಲಿ ಮೀನು ಅಮೋನಿಯಾದಿಂದ ಏದುಸಿರು ಬಿಡುತ್ತಿರಬಹುದು. ಹೊಸಬರು ಎಡವುವ ಮೊದಲ ಜಾಗ ಇದೇ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಆದ್ದರಿಂದ ಕಂಟ್ರೋಲರ್‌ನ ಪೆಟ್ಟಿಗೆ ಬಿಚ್ಚುವ ಮೊದಲು ಫಿಲ್ಟರ್ ಬಿಚ್ಚಿ, ಆ ಜೀವಿಗಳು ನೆಲೆಸುವುದು ಅದರಲ್ಲೇ. ನೀರಿನ ಕ್ಲೋರಿನ್ ತೆಗೆದು, ಪಂಪ್ ಓಡಿಸಿ, ಮೀನಿಲ್ಲದೆಯೇ ತೊಟ್ಟಿಗೆ ಸ್ವಲ್ಪ ಅಮೋನಿಯಾ ಒದಗಿಸಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ಎರಡೂ ಸೊನ್ನೆಗಿಳಿದು ನೈಟ್ರೇಟ್ ನಿಲ್ಲುತ್ತದೆ. ಮಗ ವಾರಿಂಗ್ಟನ್ ಕಂಡ ಎರಡು ಹೆಜ್ಜೆಗಳು ನಿಮ್ಮ ಬಚ್ಚಲುಮನೆಯ ಕಪಾಟಿನ ಕಿಟ್‌ನಲ್ಲಿ ಒಂದಾದ ಮೇಲೊಂದು ಹಾಯ್ದುಹೋಗುತ್ತವೆ. ಮೂರರಿಂದ ಆರು ವಾರ ಬೇಕಾಗಬಹುದು. ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ಗೆಳೆಯರ ತೊಟ್ಟಿಯ ಫಿಲ್ಟರಿನ ಹಳೆಯ ಸ್ಪಂಜನ್ನು ತಂದು ಹಾಕಿದರೆ ಬೇಗ ಆಗುತ್ತದೆ. ಶ್ಲೋಸಿಂಗ್ ಮಣ್ಣು ತೊಳೆದ ನೀರು ಹಾಕಿದ್ದೂ ಇದೇ ಉದ್ದೇಶಕ್ಕೆ. ಈ ವಾರಗಳಲ್ಲಿ ಕಂಟ್ರೋಲರ್‌ಗೆ ಅಪ್ಪಣೆ ಕೊಡುವ ಅಧಿಕಾರ ಬೇಡ. ಪ್ರೋಬ್‌ಗಳನ್ನು ನೀರಿಗಿಳಿಸಿ ಬರೀ ದಾಖಲಿಸಲು ಬಿಡಿ. ನಿಮ್ಮ ಕೋಣೆ ಹಗಲಿಗೆಷ್ಟು ಕಾಯುತ್ತದೆ, ರಾತ್ರಿಗೆಷ್ಟು ಆರುತ್ತದೆ, ಪಿಎಚ್ ಎಷ್ಟು ಏರಿಳಿಯುತ್ತದೆ ಎಂಬುದೆಲ್ಲ ಗೆರೆಯಾಗಿ ಮೂಡುತ್ತದೆ. ಆಮೇಲೆ ಯಾವ ಕೆಲಸವನ್ನು ಯಂತ್ರಕ್ಕೆ ವಹಿಸಬೇಕೆಂದು ನಿಮಗೇ ತಿಳಿಯುತ್ತದೆ.

ಮೊದಲು ವಹಿಸುವುದು ಸಾಮಾನ್ಯವಾಗಿ ಹೀಟರನ್ನು. ಉಷ್ಣತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಉಪಾಯ ಬಹಳ ಹಳೆಯದು. ಹದಿನೇಳನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಅರಸನ ಆಶ್ರಯದಲ್ಲಿದ್ದ ಡಚ್ಚರವನು ಕಾರ್ನೆಲಿಸ್ ಡ್ರೆಬೆಲ್ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿದ್ದ. ಬಿಸಿ ಹೆಚ್ಚಾದರೆ ಪಾದರಸ ಮೇಲೇರಿ ಒಲೆಯ ಹೊಗೆಗಂಡಿಯನ್ನು ಮುಚ್ಚುತ್ತಿತ್ತು, ಆರಿದರೆ ತೆರೆಯುತ್ತಿತ್ತು. ಇಂದಿನ ಕಂಟ್ರೋಲರ್ ಮಾಡುವುದೂ ಅದನ್ನೇ. ಡ್ರೆಬೆಲ್‌ನ ಪೆಟ್ಟಿಗೆಯಲ್ಲಿ ಅಳೆಯುವುದೂ ಮುಚ್ಚುವುದೂ ಒಂದೇ ಸಾಧನವಾಗಿತ್ತು. ನಮ್ಮಲ್ಲಿ ಅಳೆಯುವವನು ಬೇರೆ, ಸ್ವಿಚ್ ಒತ್ತುವವನು ಬೇರೆ, ಇಬ್ಬರಲ್ಲಿ ಯಾರು ಕೈಕೊಟ್ಟರೂ ಮೀನು ಬೇಯುತ್ತದೆ. ನೀರು ಬದಲಿಸುವಾಗ ಮಟ್ಟ ಇಳಿದು ಪ್ರೋಬ್ ಗಾಳಿಗೆ ಬಂದರೆ ಅದು ಕೋಣೆಯ ತಂಪನ್ನು ಓದಿ, ಹೀಟರ್ ನಿಲ್ಲಿಸುವುದೇ ಇಲ್ಲ. ಸಾಕೆಟ್ಟಿನೊಳಗೆ ಸ್ವಿಚ್ಚಿನ ಕೆಲಸ ಮಾಡುವ ರಿಲೇಯ ತುದಿಗಳು ಬೆಸೆದುಕೊಂಡರೆ ಕಂಟ್ರೋಲರ್ ಆಫ್ ಎಂದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಇದಕ್ಕೆ ಒಂದು ಸರಳ ರಕ್ಷಣೆ ಇದೆ. ಹೀಟರಿನದ್ದೇ ತಿರುಗಣೆಯ ಥರ್ಮೋಸ್ಟಾಟನ್ನು ಕಂಟ್ರೋಲರ್‌ನ ಮಿತಿಗಿಂತ ಒಂದು ಡಿಗ್ರಿ ಮೇಲಿಡಿ. ಕಂಟ್ರೋಲರ್‌ಗೆ 25 ಡಿಗ್ರಿಗೆ ಹಚ್ಚು, 25.5ಕ್ಕೆ ಆರಿಸು ಎಂದಿದ್ದರೆ ಹೀಟರಿಗೆ 26.5. ಒಬ್ಬ ತಪ್ಪಿದರೆ ಇನ್ನೊಬ್ಬ ಹಿಡಿಯುತ್ತಾನೆ. ಒಂದು ದೊಡ್ಡ ಹೀಟರಿಗಿಂತ ಎರಡು ಚಿಕ್ಕವು ಮೇಲು, ಒಂದು ಅಂಟಿಕೊಂಡರೂ ಇಡೀ ತೊಟ್ಟಿಯನ್ನು ಕುದಿಸುವ ಶಕ್ತಿ ಅದಕ್ಕಿರುವುದಿಲ್ಲ. ಪ್ರೋಬನ್ನು ಹೀಟರಿನ ಪಕ್ಕ ಸಿಕ್ಕಿಸಬೇಡಿ, ನೀರು ಹರಿಯುವ ಕಡೆ, ಎಂದೂ ಒಣಗದ ಆಳದಲ್ಲಿ ಇಡಿ. ಹಚ್ಚುವ ಮತ್ತು ಆರಿಸುವ ಅಂಕಿಗಳ ನಡುವೆ ಅರ್ಧ ಡಿಗ್ರಿ ಅಂತರವಾದರೂ ಬಿಡಿ, ಇಲ್ಲವಾದರೆ ರಿಲೇ ದಿನವಿಡೀ ಟಕಟಕ ಎಂದು ಬೇಗ ಸವೆಯುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಬೇಸಿಗೆಗೆ ಹೀಟರ್ ಬೇಡವೇ ಬೇಡ. ಅಲ್ಲಿ ಇದೇ ತರ್ಕವನ್ನು ತಿರುಗಿಸಿ, ನೀರಿನ ಮೇಲ್ಮೈಗೆ ಗಾಳಿ ಬೀಸುವ ಫ್ಯಾನಿಗೆ ಕಟ್ಟಬೇಕು.

ಪಿಎಚ್ ಪ್ರೋಬ್ ಹುಟ್ಟಿದ್ದು ನಿಂಬೆರಸದ ತಕರಾರಿನಿಂದ. ಆಮ್ಲೀಯತೆಯನ್ನು ಪಿಎಚ್ ಅಂಕಿಯಲ್ಲಿ ಹೇಳುವ ಪದ್ಧತಿಯನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ ತಂದಿದ್ದ. ತೆಳು ಗಾಜಿನ ಬುಡ್ಡೆಯ ಎರಡು ಬದಿಯ ದ್ರವಗಳ ಆಮ್ಲೀಯತೆ ಬೇರೆಯಾದರೆ ಗಾಜಿನ ಮೇಲೆ ಒಂದು ಪುಟ್ಟ ವಿದ್ಯುದೊತ್ತಡ ಹುಟ್ಟುತ್ತದೆ ಎಂಬುದೂ ಆ ಹೊತ್ತಿಗೆ ಜರ್ಮನಿಯ ಪ್ರಯೋಗಗಳಿಂದ ತಿಳಿದಿತ್ತು. ಆದರೆ ಗಾಜು ಕರೆಂಟನ್ನು ಬಿಡುವುದೇ ಇಲ್ಲವೆನ್ನುವಷ್ಟು ಕಡಿಮೆ ಬಿಡುತ್ತದೆ. ಆಗಿನ ಸೂಕ್ಷ್ಮ ಮೀಟರ್‌ಗಳಿಗೂ ಅದು ಸಾಲದು, ಸಾಲುವಂತೆ ಮಾಡಲು ಗಾಜನ್ನು ಇನ್ನಷ್ಟು ತೆಳುವಾಗಿಸಿದರೆ ಮುಟ್ಟಿದರೆ ಒಡೆಯುತ್ತಿತ್ತು. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಘದ ಪ್ರಯೋಗಾಲಯದಲ್ಲಿದ್ದ ಗ್ಲೆನ್ ಜೋಸೆಫ್‌ಗೆ ನಿಂಬೆರಸದ ಆಮ್ಲೀಯತೆ ಅಳೆಯಬೇಕಿತ್ತು. ರಸ ಕೆಡದಿರಲು ಹಾಕುತ್ತಿದ್ದ ಗಂಧಕದ ಡೈ ಆಕ್ಸೈಡ್ ಲಿಟ್ಮಸ್‌ನ ಬಣ್ಣವನ್ನೇ ತೆಗೆದುಬಿಡುತ್ತಿತ್ತು. ಅವನು ಹಳೆಯ ಸಹಪಾಠಿ, ಕ್ಯಾಲ್‌ಟೆಕ್‌ನಲ್ಲಿ ಪಾಠ ಹೇಳುತ್ತಿದ್ದ ಆರ್ನಲ್ಡ್ ಬೆಕ್‌ಮನ್ ಹತ್ತಿರ ಹೋದ. ಬೆಕ್‌ಮನ್ ಗಾಜಿನ ಬುಡ್ಡೆಯನ್ನು ಗಟ್ಟಿಯಾಗಿಯೇ ಉಳಿಸಿ, ಅದರ ಕ್ಷೀಣ ಸದ್ದನ್ನು ರೇಡಿಯೋದ ನಿರ್ವಾತ ಕವಾಟಗಳಿಂದ ಹಿಗ್ಗಿಸಿದ. ಮಾರುಕಟ್ಟೆಗೆ ಬಂದಾಗ ಆ ಯಂತ್ರದ ಬೆಲೆ 195 ಡಾಲರ್.

ಈ ಹುಟ್ಟಿನ ಕತೆ ಗೊತ್ತಿದ್ದರೆ ಪ್ರೋಬಿನ ಸ್ವಭಾವ ಅರ್ಥವಾಗುತ್ತದೆ. ಒಂದು ಪೂರ್ತಿ ಪಿಎಚ್ ಅಂಕಿಗೆ ಅದು ಕೊಡುವುದು 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಮಾತ್ರ. ಅಷ್ಟು ಮೆಲ್ಲನೆಯ ಸಂಕೇತಕ್ಕೆ ಕೇಬಲ್ಲಿನ ತುದಿಯ ತೇವ, ಒಣಗಿದ ಉಪ್ಪು, ಪಕ್ಕದ ಪಂಪಿನ ವಿದ್ಯುತ್ ಸೋರಿಕೆ ಏನು ಬೇಕಾದರೂ ಅಡ್ಡಿ. ಗಾಜು ಹಳತಾದಂತೆ ಓದುವಿಕೆ ಜಾರುತ್ತದೆ. ತಿಂಗಳಿಗೊಮ್ಮೆ ಅಳತೆ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಸರಿಪಡಿಸಿ, ಸಿಹಿನೀರಿನವರು 7 ಮತ್ತು 4ರಲ್ಲಿ, ಉಪ್ಪುನೀರಿನವರು 7 ಮತ್ತು 10ರಲ್ಲಿ. ಒಂದೆರಡು ವರ್ಷಕ್ಕೆ ಹೊಸದು ಕೊಳ್ಳಬೇಕಾಗುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಎತ್ತಿಡುವಾಗ ಶುದ್ಧೀಕರಿಸಿದ ನೀರಿನಲ್ಲಿ ನೆನೆಸಬಾರದು, ಅದು ಪ್ರೋಬಿನೊಳಗಿನ ಲವಣವನ್ನು ಎಳೆದುಕೊಂಡು ಪ್ರೋಬನ್ನು ಕೊಲ್ಲುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಇದಕ್ಕೆಂದೇ ಸಿಗುತ್ತದೆ.

ಅಂಕಿ ಏರಿಳಿದ ಮಾತ್ರಕ್ಕೆ ಬಾಟಲಿ ತೆಗೆದು ಸುರಿಯಬೇಡಿ. ದೀಪ ಹಚ್ಚಿದಾಗ ಗಿಡಗಳು ಇಂಗಾಲದ ಡೈ ಆಕ್ಸೈಡ್ ಹೀರುತ್ತವೆ, ಪಿಎಚ್ ಏರುತ್ತದೆ. ಕತ್ತಲಾದಾಗ ಎಲ್ಲರೂ ಉಸಿರು ಬಿಡುತ್ತಾರೆ, ಇಳಿಯುತ್ತದೆ. ನಿಮ್ಮ ಪರದೆಯ ಮೇಲೆ ದಿನಕ್ಕೊಂದು ಸಲ ಏರಿಳಿಯುವ ಆ ಗೆರೆ ಅಪ್ಪ ವಾರಿಂಗ್ಟನ್ ಹುಡುಕುತ್ತಿದ್ದ ಕೊಡುಕೊಳ್ಳುವಿಕೆಯೇ. ಅವನಿಗೆ ಅದನ್ನು ಕಾಣಲು ಸಾಧನವಿರಲಿಲ್ಲ. ಈ ಸಹಜ ಅಲೆಯನ್ನು ಚಪ್ಪಟೆ ಮಾಡಲು ಹೊರಟವರು ರಾಸಾಯನಿಕ ಸುರಿದು ಸುರಿದು ಮೀನನ್ನು ಸುಸ್ತು ಮಾಡುತ್ತಾರೆ. ಅಲೆಯ ಆಕಾರ ಬದಲಾದಾಗ ಮಾತ್ರ ಎದ್ದು ನೋಡಿ. ಪಿಎಚ್ ಅಂಕಿಯ ಇನ್ನೊಂದು ಉಪಯೋಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅಮೋನಿಯಾದ ವಿಷ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ ಮೀನನ್ನು ಕೊಲ್ಲುವ ರೂಪದಲ್ಲಿರುತ್ತದೆ, ಪಿಎಚ್ 8 ಆದರೆ ಶೇ. 5ಕ್ಕೂ ಹೆಚ್ಚು. ಟೆಸ್ಟ್ ಕಿಟ್‌ನ ಅದೇ ತಿಳಿಹಸಿರು ಬಣ್ಣ ಒಂದು ತೊಟ್ಟಿಯಲ್ಲಿ ನಾಳೆ ನೋಡಿದರಾಯಿತು ಎನ್ನಬಹುದಾದದ್ದು, ಇನ್ನೊಂದರಲ್ಲಿ ಈಗಲೇ ಅರ್ಧ ನೀರು ಬದಲಿಸಬೇಕಾದದ್ದು. ಸುಣ್ಣದ ಅಂಶ ಹೆಚ್ಚಿರುವ ಬೋರ್‌ವೆಲ್ ನೀರು ಬಳಸುವವರು ಇದನ್ನು ಮರೆಯಬಾರದು, ಅಂಥ ನೀರಿನ ಪಿಎಚ್ ಮೇಲೆಯೇ ನಿಲ್ಲುತ್ತದೆ.

ಆವಿಯಾದ ನೀರನ್ನು ತಾನೇ ತುಂಬುವ ಫ್ಲೋಟ್ ಸ್ವಿಚ್ಚಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಬಸವನಹುಳುವೊಂದು ಫ್ಲೋಟಿನ ಮೇಲೆ ಕೂತರೂ ಸಾಕು, ಪಂಪ್ ನಿಲ್ಲದೆ ನೀರು ನೆಲಕ್ಕೆ ಹರಿಯುತ್ತದೆ. ಪಂಪಿಗೆ ಒಂದು ಸಲಕ್ಕೆ ಇಷ್ಟೇ ನಿಮಿಷ ಎಂಬ ಮಿತಿ ಹಾಕಿ, ತುಂಬುವ ನೀರಿನ ಡಬ್ಬಿಯನ್ನು ಚಿಕ್ಕದಾಗಿಡಿ. ಡಬ್ಬಿಯ ನೀರೆಲ್ಲ ಒಮ್ಮೆಲೇ ತೊಟ್ಟಿಗೆ ಹೋದರೂ ಅನಾಹುತವಾಗದಷ್ಟು. ರಾಸಾಯನಿಕ ಹನಿಸುವ ಡೋಸಿಂಗ್ ಪಂಪ್‌ಗೂ ಇದೇ ಮಾತು. ಹೊಸಬರು ಮೊದಲ ತಿಂಗಳುಗಳಲ್ಲಿ ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಕರೆಂಟ್ ವಿಷಯ ಮಾತ್ರ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಮ್ಮೂರುಗಳಲ್ಲಿ ಕರೆಂಟ್ ಹೋಗುತ್ತದೆ. ಕರೆಂಟ್ ಹೋದಾಗ ಮೀನಿಗಿಂತ ಮೊದಲು ಕಷ್ಟಕ್ಕೆ ಬೀಳುವುದು ವಿನೋಗ್ರಾಡ್‌ಸ್ಕಿಯ ಜೀವಿಗಳು. ಅಮೋನಿಯಾವನ್ನು ಉರಿಸಲು ಅವಕ್ಕೆ ಆಮ್ಲಜನಕ ಬೇಕು. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗಿನ ನಿಂತ ನೀರಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಬಹಳ ಹೊತ್ತು ನಿಂತ ಫಿಲ್ಟರನ್ನು ಹಾಗೆಯೇ ಚಾಲೂ ಮಾಡಿದರೆ ಆ ನಾರುವ ನೀರು ತೊಟ್ಟಿಗೆ ಬರುತ್ತದೆ. ಮೊದಲು ಅದನ್ನು ಬಿಚ್ಚಿ, ತೊಟ್ಟಿಯ ನೀರಿನಲ್ಲೇ ಜಾಲಿಸಿ, ಆಮೇಲೆ ಹಚ್ಚಿ. ಬ್ಯಾಟರಿಯ ಮೇಲೆ ಓಡುವ ಪುಟ್ಟ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟುಕೊಳ್ಳಿ. ಇನ್ವರ್ಟರ್ ಇದ್ದರೆ ಅದಕ್ಕೆ ಫಿಲ್ಟರ್ ಪಂಪನ್ನು ಕಟ್ಟಿ, ಹೀಟರನ್ನಲ್ಲ. ವೈ-ಫೈ ರೂಟರ್ ಕೂಡ ಇನ್ವರ್ಟರ್ ಮೇಲಿರಲಿ. ಇಲ್ಲವಾದರೆ ಕರೆಂಟ್ ಹೋದ ಕ್ಷಣವೇ ರೂಟರ್ ಆರಿ, ಕರೆಂಟ್ ಹೋಯಿತೆಂಬ ಸಂದೇಶ ಮನೆಯಿಂದ ಹೊರಡುವುದೇ ಇಲ್ಲ. ಕಂಟ್ರೋಲರ್‌ನ ತಲೆಯೇ ಕೆಟ್ಟರೆ ಒಂದೊಂದು ಸಾಕೆಟ್ ಯಾವ ಸ್ಥಿತಿಗೆ ಹೋಗಬೇಕೆಂದು ಮೊದಲೇ ಬರೆದಿಡುವ ಸೌಲಭ್ಯ ಅನೇಕ ಕಂಟ್ರೋಲರ್‌ಗಳಲ್ಲಿದೆ. ಫಿಲ್ಟರ್ ಪಂಪ್ ಆನ್, ಡೋಸಿಂಗ್ ಆಫ್, ನೀರು ತುಂಬುವ ಪಂಪ್ ಆಫ್, ಹೀಟರ್ ತನ್ನದೇ ಥರ್ಮೋಸ್ಟಾಟಿನ ಕಾವಲಿನಲ್ಲಿ ಆನ್. ಸೆಟ್ ಮಾಡಿ ಮುಗಿಸಿದ ಮೇಲೆ ಒಂದು ರಜಾದಿನ ಬೇಕೆಂದೇ ಪ್ಲಗ್ ಕಿತ್ತು, ಪ್ರೋಬ್ ಮೇಲೆತ್ತಿ, ಏನಾಗುತ್ತದೆಂದು ಎದುರಿಗೆ ನಿಂತು ನೋಡಿ. ಕೇಬಲ್ಲುಗಳನ್ನು ಸಾಕೆಟ್ಟಿಗಿಂತ ಕೆಳಗೆ ಒಂದು ಕುಣಿಕೆ ಇಳಿಬಿಟ್ಟು ಸಿಕ್ಕಿಸಿದರೆ ವೈರಿನ ಗುಂಟ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಕ್ಕೆ ಹೋಗುವುದಿಲ್ಲ.

ಆ ಅಗೋಚರ ದುಡಿಮೆಗಾರರ ಶೋಧ 1890ಕ್ಕೆ ಮುಗಿಯಲಿಲ್ಲ. ಮುಂದಿನ ದೊಡ್ಡ ಅಧ್ಯಾಯಗಳು ಮೀನಿನ ತೊಟ್ಟಿಗಳಲ್ಲೇ ನಡೆದದ್ದು ನನಗೆ ಎಲ್ಲಕ್ಕಿಂತ ಸಂತೋಷ ಕೊಡುವ ಸಂಗತಿ. ನೈಟ್ರೈಟ್ ತಿನ್ನುವುದು ನೈಟ್ರೋಬ್ಯಾಕ್ಟರ್ ಎಂದು ಪುಸ್ತಕಗಳು ನೂರು ವರ್ಷ ಹೇಳಿಕೊಂಡು ಬಂದವು. 1998ರಲ್ಲಿ ಟಿಮೊತಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ಅಕ್ವೇರಿಯಂಗಳ ಡಿಎನ್‌ಎ ನೋಡಿದಾಗ ಅಲ್ಲಿ ಆ ಕೆಲಸ ಮಾಡುತ್ತಿದ್ದದ್ದು ನೈಟ್ರೋಸ್ಪೈರಾ ಬಳಗದವು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಮೀನಿನ ತೊಟ್ಟಿಯಿಂದ ಮಾರ್ಟಿನ್ ಕೊನೆಕೆ ಮತ್ತು ಸಂಗಡಿಗರು ಒಂದು ಜೀವಿಯನ್ನು ಬೇರ್ಪಡಿಸಿದರು. ಉದ್ದ ಒಂದು ಮೈಕ್ರಾನ್ ಕೂಡ ಇಲ್ಲ. ಅದು ಅಮೋನಿಯಾ ತಿನ್ನುತ್ತಿತ್ತು, ಆದರೆ ಬ್ಯಾಕ್ಟೀರಿಯಾ ಆಗಿರಲಿಲ್ಲ, ಆರ್ಕಿಯಾ ಎಂಬ ಬೇರೆಯೇ ಜೀವಕುಲದ್ದು. ಅದರ ಬಳಗ ಜಗತ್ತಿನ ಸಾಗರಗಳ ತುಂಬ ಇದೆ, ಯಾವ ಕೆಲಸ ಮಾಡುತ್ತದೆಂದು ಅದುವರೆಗೆ ತಿಳಿದಿರಲಿಲ್ಲ. ಸಮುದ್ರದ ಸಾರಜನಕದ ಲೆಕ್ಕದಲ್ಲಿ ಒಂದು ದೊಡ್ಡ ಸಾಲನ್ನು ಒಂದು ಪ್ರದರ್ಶನ ತೊಟ್ಟಿ ತುಂಬಿಕೊಟ್ಟಿತು. 2011ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಸಿಹಿನೀರಿನ ಅಕ್ವೇರಿಯಂಗಳ ಫಿಲ್ಟರುಗಳನ್ನು ಪರೀಕ್ಷಿಸಿ, ಅಲ್ಲೂ ಹೆಚ್ಚಿನವುಗಳಲ್ಲಿ ಆರ್ಕಿಯಾವೇ ಮುಂದಿದೆ ಎಂದು ಕಂಡರು. 2015ರಲ್ಲಿ ಇನ್ನೊಂದು ತಿರುವು. ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಇಡೀ ದಾರಿಯನ್ನು ಒಬ್ಬನೇ ನಡೆಯಬಲ್ಲ ಜೀವಿ ಇರಬಹುದೆಂದು 2006ರಲ್ಲಿ ಲೆಕ್ಕದ ಮೂಲಕ ಊಹಿಸಿದ್ದರು. ಅದು ಏಕಕಾಲಕ್ಕೆ ಎರಡು ಕಡೆ ಸಿಕ್ಕಿತು, ಒಂದು ರಷ್ಯಾದ ಆಳವಾದ ಬಾವಿಯ ಬಿಸಿನೀರಿನ ಕೊಳವೆಯಲ್ಲಿ, ಇನ್ನೊಂದು ಮೀನು ಸಾಕಣೆ ಕೇಂದ್ರದ ನೀರು ಶುದ್ಧೀಕರಣದ ಫಿಲ್ಟರಿನಲ್ಲಿ. ಮಗ ವಾರಿಂಗ್ಟನ್ ಎರಡು ಹೆಜ್ಜೆಗೆ ಇಬ್ಬರು ಬೇಕೆಂದಿದ್ದ. ಇಬ್ಬರೂ ಇದ್ದಾರೆ, ಎರಡನ್ನೂ ಒಬ್ಬನೇ ಮಾಡುವವನೂ ಇದ್ದಾನೆ.

ನಿಮ್ಮ ಫಿಲ್ಟರಿನಲ್ಲಿ ಇವರಲ್ಲಿ ಯಾರ ಮೇಲುಗೈ ಎಂಬುದು ತೊಟ್ಟಿಯಿಂದ ತೊಟ್ಟಿಗೆ ಬೇರೆ. ಎಲ್ಲರೂ ಬದುಕುವುದು ಸ್ಪಂಜಿನ, ಸೆರಾಮಿಕ್ ಉಂಗುರಗಳ ಮೈಗೆ ಅಂಟಿಕೊಂಡು. ಅದನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿ ತೊಳೆದರೆ ಆರು ವಾರದ ಕೆಲಸ ಆರು ನಿಮಿಷದಲ್ಲಿ ಹೋಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿ, ಒಂದು ಸಲಕ್ಕೆ ಅರ್ಧವನ್ನು ಮಾತ್ರ. ಕಂಟ್ರೋಲರ್‌ನ ಸಾಕೆಟ್ಟುಗಳಿಗೆ ಹೆಸರು ಕೊಡಲು ಕೂತಾಗ ಫಿಲ್ಟರ್ ಪಂಪಿನದ್ದನ್ನು ಮೊದಲು ಬರೆಯಿರಿ, ಅದಕ್ಕೆ ಸದಾ ಆನ್ ಎಂಬುದೊಂದನ್ನೇ ಕೊಡಿ, ಮೀನಿಗೆ ಊಟ ಹಾಕುವಾಗ ಪಂಪ್ ನಿಲ್ಲಿಸುವ ಗುಂಡಿಗೆ ಹತ್ತು ನಿಮಿಷದ ಮಿತಿ ಹಾಕಿ.